ಆಯಿ ಒಪ್ಪದ ಕೆಂಪು: ನಿಕಾನ್ ಡಿ5600 ಜೊತೆ ನಾಲ್ಕು ವರ್ಷ

ಎಷ್ಟು ಮೆಗಾಪಿಕ್ಸೆಲ್, ಎಷ್ಟು ಫೋಕಸ್ ಪಾಯಿಂಟು ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. 2016ರ ಕೊನೆಗೆ ಬಂದ ಕ್ಯಾಮೆರಾ ಮಾದರಿ ಇದು. ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ನಾಲ್ಕು ವರ್ಷವಾಯಿತು. ಶಿರಸಿ ಪೇಟೆಯಿಂದ ಒಳಗೆ ನಮ್ಮ ತೋಟದ ಮನೆ. ಈ ನಾಲ್ಕು ವರ್ಷದಲ್ಲಿ ನನ್ನನ್ನು ಕಾಡಿದ್ದು ಒಂದೇ ವಿಷಯ. ಕ್ಯಾಮೆರಾದಲ್ಲಿ ಕಂಡ ಫೋಟೋ ಕಂಪ್ಯೂಟರಿನಲ್ಲಿ ಕಾಣುತ್ತಿರಲಿಲ್ಲ.

ಶುರುವಾಗಿದ್ದು ಅಡಿಕೆ ಸುಗ್ಗಿಯಲ್ಲಿ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಅಟ್ಟದ ಮೇಲೆ ಹರವಿದ್ದೆವು. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಿತ್ತು. ಆ ಕೆಂಪು ನೋಡಿದವರಿಗೇ ಗೊತ್ತು. ರಾ ಫಾರ್ಮ್ಯಾಟಿನಲ್ಲಿ ಮೂವತ್ತು ಫೋಟೋ ತೆಗೆದೆ. ಪರದೆ ತಿರುಗಿಸಿ ಆಯಿಗೆ ತೋರಿಸಿದೆ. “ಹೌದು, ಇದೇ ಬಣ್ಣ” ಅಂದಳು.

ಸಂಜೆ ಲ್ಯಾಪ್‌ಟಾಪಿಗೆ ಹಾಕಿದೆ. ತಿಂಗಳ ಬಾಡಿಗೆ ಕಟ್ಟಿ ಬಳಸುವ ಸಾಫ್ಟ್‌ವೇರ್ ಅದು. ತೆರೆದ ಕೂಡಲೇ ಫೋಟೋ ಚೆನ್ನಾಗಿಯೇ ಇತ್ತು. ಒಂದೆರಡು ಸೆಕೆಂಡು ಅಷ್ಟೆ. ಆಮೇಲೆ ಕಣ್ಣೆದುರೇ ಬಣ್ಣ ಇಳಿಯಿತು. ಕೆಂಪು ಮಂಕಾಯಿತು, ನೆರಳಿದ್ದಲ್ಲಿ ಕಪ್ಪು ಕೂತಿತು. ಆಯಿ ಹಿಂದೆ ನಿಂತು ನೋಡಿ, “ಇದು ಹೋದ ವರ್ಷದ ಅಡಿಕೆ ಕಂಡ ಹಾಗಿದೆ” ಅಂದಳು. ನನಗೆ ನಿಜವಾಗಿ ಸಿಟ್ಟು ಬಂತು. ಕಾರ್ಡ್ ಬದಲಿಸಿದೆ, ಲೆನ್ಸ್ ಬದಲಿಸಿದೆ. ಅಂಗಡಿಯವರು ಸರ್ವಿಸಿಗೆ ಕೊಡಿ ಅಂದರು. ಹುಬ್ಬಳ್ಳಿಗೆ ಕಳಿಸಲು ಡಬ್ಬಿಯನ್ನೂ ಕಟ್ಟಿದ್ದೆ.

ಕಳಿಸಲಿಲ್ಲ. ಕಾರಣ, ಆ ಒಂದೆರಡು ಸೆಕೆಂಡು. ಮೊದಲು ಚೆನ್ನಾಗಿದ್ದದ್ದು ಆಮೇಲೆ ಯಾಕೆ ಬದಲಾಗಬೇಕು ಎಂದು ಹುಡುಕುತ್ತಾ ಹೋದೆ. ಆಗ ತಿಳಿಯಿತು. ರಾ ಎನ್ನುವುದು ಇನ್ನೂ ಫೋಟೋವೇ ಅಲ್ಲ. ಸೆನ್ಸರಿನ ಒಂದೊಂದು ಚುಕ್ಕೆಯೂ ಒಂದೇ ಬಣ್ಣ ಅಳೆಯುತ್ತದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಆ ಅಂಕಿಗಳ ರಾಶಿಯೇ ರಾ. ಅದನ್ನು ಚಿತ್ರ ಮಾಡಲು ಯಾರಾದರೂ ಬೇಯಿಸಲೇಬೇಕು. ಕ್ಯಾಮೆರಾ ತಾನೇ ಬೇಯಿಸಿದ ಒಂದು ಜೆಪೆಗ್ ಅನ್ನು, ಅಂದರೆ ಸಿದ್ಧ ಫೋಟೋವನ್ನು, ರಾ ಫೈಲಿನ ಒಳಗೇ ಇಟ್ಟಿರುತ್ತದೆ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ನಾವು ನೋಡುವುದು ಅದನ್ನು. ಕಂಪ್ಯೂಟರ್ ಮೊದಲು ತೋರಿಸಿದ್ದೂ ಅದನ್ನೇ. ಆಮೇಲೆ ಸಾಫ್ಟ್‌ವೇರ್ ತನ್ನ ರೀತಿಯಲ್ಲಿ ಬೇರೆ ಬೇಯಿಸಿತು.

ನಮ್ಮ ಕಡೆಯವರಿಗೆ ಇದು ಹೊಸ ವಿಷಯವಲ್ಲ ಅಲ್ವಾ? ಒಂದೇ ತೋಟದ ಹಸಿ ಅಡಿಕೆಯನ್ನು ಎರಡು ಮನೆಯಲ್ಲಿ ಬೇಯಿಸಿದರೆ ಎರಡು ಕೆಂಪು ಬರುತ್ತದೆ. ಚೊಗರು, ಅಂದರೆ ಅಡಿಕೆ ಬೇಯಿಸಿದ ರಸ, ಎಷ್ಟು ದಪ್ಪ ಎಂಬುದರ ಮೇಲೆ ಬಣ್ಣ ನಿಂತಿದೆ. ಕ್ಯಾಮೆರಾದ ಚೊಗರಿಗೆ ಪಿಕ್ಚರ್ ಕಂಟ್ರೋಲ್ ಎಂದು ಹೆಸರು. ನಾನು ಯಾವತ್ತೋ ‘ವಿವಿಡ್’ (ಗಾಢ ಬಣ್ಣ) ಎಂದು ಇಟ್ಟು ಮರೆತಿದ್ದೆ. ಹೊರಗಿನ ಸಾಫ್ಟ್‌ವೇರ್ ಸಾಮಾನ್ಯವಾಗಿ ಆ ಸೆಟ್ಟಿಂಗನ್ನು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನೆರಳು ಕಪ್ಪಾಗಿದ್ದಕ್ಕೆ ಆಕ್ಟಿವ್ ಡಿ-ಲೈಟಿಂಗ್ ಎಂಬ ಇನ್ನೊಂದು ಸೆಟ್ಟಿಂಗ್ ಕಾರಣ. ಅದನ್ನು ಜಾಸ್ತಿ ಇಟ್ಟರೆ ಬೆಳಕಿನ ಭಾಗ ಕೆಡದ ಹಾಗೆ ಕ್ಯಾಮೆರಾ ಎಕ್ಸ್‌ಪೋಶರನ್ನೇ (ಸೆನ್ಸರಿಗೆ ಬೀಳುವ ಬೆಳಕನ್ನು) ತುಸು ಇಳಿಸುತ್ತದೆ, ಆಮೇಲೆ ನೆರಳನ್ನು ಎತ್ತುತ್ತದೆ. ಇಳಿಸಿದ್ದು ರಾ ಫೈಲಿಗೆ ಹೋಗುತ್ತದೆ. ಎತ್ತಿದ್ದು ಜೆಪೆಗ್‌ನಲ್ಲಿ ಮಾತ್ರ ಕಾಣುತ್ತದೆ.

ನಿಕಾನ್‌ನವರೇ 2021ರಲ್ಲಿ ಎನ್‌ಎಕ್ಸ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಉಚಿತವಾಗಿ ಕೊಟ್ಟರು. ಅದು ಕ್ಯಾಮೆರಾದ ಎಲ್ಲ ಸೆಟ್ಟಿಂಗ್ ಓದುತ್ತದೆ. ಅದರಲ್ಲಿ ತೆರೆದ ದಿನ ಬಣ್ಣ ಇಳಿಯಲಿಲ್ಲ. ಬಾಡಿಗೆ ಸಾಫ್ಟ್‌ವೇರ್ ಬಿಡಲಾಗದವರು ಪ್ರೊಫೈಲ್ ಪಟ್ಟಿಯಲ್ಲಿ ಕ್ಯಾಮೆರಾದ ಹೆಸರಿನ ಪ್ರೊಫೈಲ್ ಹುಡುಕಿ ಹಾಕಿ. ಹತ್ತಿರ ಬರುತ್ತದೆ. ನಾನು ಬಾಡಿಗೆ ನಿಲ್ಲಿಸಿದೆ.

ಆದರೂ ಕೆಂಪು ಪೂರ್ತಿ ಬರಲಿಲ್ಲ. ಅದಕ್ಕೊಂದು ಪರೀಕ್ಷೆ ಮಾಡಿದೆ, ನೀವೂ ಮಾಡಿ. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯಿರಿ. ಲ್ಯಾಪ್‌ಟಾಪಿನಲ್ಲಿ ರಾ ಮಾತ್ರ ಮಂಕಾದರೆ ತಪ್ಪು ಸಾಫ್ಟ್‌ವೇರಿನದು. ಜೆಪೆಗ್ ಕೂಡ ಮಂಕಾದರೆ ಪರದೆಯದ್ದು. ನನ್ನದು ಎರಡೂ ಮಂಕು. ಮಗಳ ಓದಿಗೆಂದು ತಂದ ಲ್ಯಾಪ್‌ಟಾಪ್ ಅದು. ಪರದೆಯ ಬಣ್ಣದ ವ್ಯಾಪ್ತಿ 45% ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿ ಅಳೆಯುವ ಒಂದು ಮಾಪನ), ಅಂದರೆ ಕಂಪ್ಯೂಟರ್ ಫೋಟೋಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳ ಮೂರನೇ ಎರಡು ಭಾಗವೂ ಇಲ್ಲ. ಗಾಢ ಕೆಂಪು ತೋರಿಸುವ ಶಕ್ತಿಯೇ ಅದಕ್ಕಿಲ್ಲ. ಹೊಸ ಲ್ಯಾಪ್‌ಟಾಪಿಗೆ ದುಡ್ಡಿರಲಿಲ್ಲ. ಬಣ್ಣ ಚೆನ್ನಾಗಿ ತೋರಿಸುವ ಐಪಿಎಸ್ ಪರದೆಯ ಹಳೇ ಮಾನಿಟರ್ ಒಂದನ್ನು 5,500 ರೂಪಾಯಿಗೆ ತಂದೆ. ಹೊಸ ಲೆನ್ಸಿಗೆ ಕೂಡಿಟ್ಟ ಹಣ ಅದು. ಬೇಸರವಿಲ್ಲ.

ಕ್ಯಾಮೆರಾದ ಪರದೆ ಪೂರ್ತಿ ಸತ್ಯ ಹೇಳುತ್ತದೆ ಎಂದೂ ಅಲ್ಲ. ದಿನಾ ಸಂಜೆ ನಾನು ಜಗಲಿ ಮೇಲೆ ಕೂರುತ್ತೇನೆ. ಪಕ್ಕದಲ್ಲಿ ಕಷಾಯದ ಲೋಟ. ಹಳೇ ಪಂಚೆಯ ತುಂಡಿನಿಂದ ಕ್ಯಾಮೆರಾ ಒರೆಸಿ, ಮಡಚಿದ ಪರದೆ ಬಿಚ್ಚಿ, ಆ ದಿನದ ಫೋಟೋ ಒಂದೊಂದೇ ನೋಡುತ್ತೇನೆ. ಬಹಳ ಇಷ್ಟದ ಹೊತ್ತು ಅದು. ಆದರೆ ಮುಸ್ಸಂಜೆಯಲ್ಲಿ ಪರದೆ ಜಗ್ಗನೆ ಬೆಳಗುತ್ತದೆ, ಕತ್ತಲೆ ಫೋಟೋ ಕೂಡ ಸರಿಯಾಗಿದೆ ಅನ್ನಿಸುತ್ತದೆ. ಅದೇ ಫೋಟೋ ಮಧ್ಯಾಹ್ನದ ಅಂಗಳದಲ್ಲಿ ಕಪ್ಪು. ಹಾಗಾಗಿ ಈಗ ಹಿಸ್ಟೋಗ್ರಾಮ್, ಅಂದರೆ ಫೋಟೋದಲ್ಲಿ ಕತ್ತಲೆ-ಬೆಳಕು ಎಷ್ಟೆಷ್ಟು ಎಂದು ತೋರಿಸುವ ನಕ್ಷೆ, ನೋಡುತ್ತೇನೆ. ಅದನ್ನೂ ಕ್ಯಾಮೆರಾ ಜೆಪೆಗ್‌ನಿಂದಲೇ ಬರೆಯುತ್ತದೆ ಎಂಬುದು ನೆನಪಿರಲಿ. ಅಡಿಕೆಯ ಕೆಂಪು ಅಲ್ಲಿ ಅಂಚು ದಾಟಿದ್ದರೂ ರಾ ಫೈಲಿನಲ್ಲಿ ಇನ್ನೂ ಜಾಗ ಇರಬಹುದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲಿನಲ್ಲಿ 16,384. ಇದು ಗೊತ್ತಾದ ಮೇಲೆ ರಾ ಮೇಲಿನ ಸಿಟ್ಟು ಹೋಗಿ ಪ್ರೀತಿ ಬಂತು.

ಮಳೆಗಾಲದ ಮಾತು ಬೇಗ ಹೇಳುತ್ತೇನೆ. ಇಲ್ಲಿಯ ಜೂನ್‌ನಿಂದ ಸೆಪ್ಟೆಂಬರ್ ಲೆನ್ಸಿಗೆ ಫಂಗಸ್ ಕಾಲ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿಗೆ ತಿರುಗಿದರೆ ಅದಕ್ಕೆಂದೇ ಇಟ್ಟ ಹಳೇ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ನಾಲ್ಕು ಮಳೆಗಾಲ ದಾಟಿದೆ, ಲೆನ್ಸ್ ಸ್ವಚ್ಛ.

ಹಳೇ ಕ್ಯಾಮೆರಾ ಎಂದು ಸುಮ್ನೆ ದೂರ ಇಡಬೇಡಿ. ಕೊಳ್ಳುವ ಮುಂಚೆ ನಿಮ್ಮ ಮನೆಯ ಪರದೆ ಯಾವುದು ನೋಡಿ. ದುಡ್ಡು ಒಂದಕ್ಕೇ ಇದ್ದರೆ ಪರದೆಗೆ ಹಾಕಿ.

ಈ ಸುಗ್ಗಿಯಲ್ಲಿ ಅದೇ ಅಟ್ಟದ ಫೋಟೋ ತೆಗೆದು ಪೇಟೆಯಲ್ಲಿ ಪ್ರಿಂಟ್ ಹಾಕಿಸಿದೆ. ಆಯಿ ಒಂದು ಅಡಿಕೆ ತಂದು ಪ್ರಿಂಟಿನ ಮೇಲಿಟ್ಟಳು. ಕಿಟಕಿ ಹತ್ತಿರ ಒಯ್ದು ನೋಡಿದಳು. “ಕೆಂಪು ಸರಿ ಇದೆ. ಹಳದಿ ಚೂರು ಜಾಸ್ತಿ” ಅಂದಳು. ಸಾಫ್ಟ್‌ವೇರಿನಲ್ಲಿ ವೈಟ್ ಬ್ಯಾಲೆನ್ಸ್ (ಫೋಟೋದ ಹಳದಿ-ನೀಲಿ ಸಮತೋಲನ) ಇನ್ನೂರು ಕೆಲ್ವಿನ್ ಇಳಿಸಿ ಇಟ್ಟಿದ್ದೇನೆ. ಭಾನುವಾರ ಇನ್ನೊಂದು ಪ್ರಿಂಟ್.