ಮುರಕಲ್ಲಿನ ಏರಿಗೆ ಯಾವ ಮೋಡ್? ಬೂಸ್ಟ್, ಟ್ರೇಲ್ ಮತ್ತು ನಾನೇ ತಿದ್ದಿಕೊಂಡ ಟ್ರೇಲ್

ಉಡುಪಿ ಬಳಿಯ ಪರ್ಕಳದಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡೆಗೆ ಹೋಗುವ ದಾರಿಯಲ್ಲಿ ಸುಮಾರು ಇನ್ನೂರು ಮೀಟರ್ ಉದ್ದದ ಕಡಿದಾದ ಏರು ಒಂದಿದೆ. ಅದರ ಕೆಳಭಾಗವೆಲ್ಲ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹಾಸು; ಮೇಲ್ಭಾಗದಲ್ಲಿ ಕಾಲಿಟ್ಟರೆ ಜಾರುವ ಕೆಂಪು ನೊರಜುಗಲ್ಲು. ನನ್ನ ಎಲೆಕ್ಟ್ರಿಕ್ ಮೌಂಟನ್ ಬೈಕಿನ ಮೋಟಾರು ಶಿಮಾನೊ ಇಪಿ8, ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 85 ನ್ಯೂಟನ್ ಮೀಟರ್, ಬ್ಯಾಟರಿ 630 ವ್ಯಾಟ್ ಅವರ್. ಮೇ ತಿಂಗಳ ಒಣ ನೆಲದಲ್ಲಿ ಒಮ್ಮೆ, ಆಟಿಯ (ತುಳುನಾಡಿನ ಆಷಾಢದ) ಮಳೆ ಹಿಡಿದು ಕಲ್ಲಿನ ಮೇಲೆ ಪಾಚಿ ಕಟ್ಟಿದ ನಂತರ ಮತ್ತೊಮ್ಮೆ, ಇದೇ ಏರಿನಲ್ಲಿ ಬೇರೆ ಬೇರೆ ಮೋಡ್‌ಗಳನ್ನು ಹಲವು ಸಲ ಹೋಲಿಸಿ ನೋಡಿದ್ದೇನೆ. ಮೋಡ್ ಎಂದರೆ ನಾವು ತುಳಿಯುವಾಗ ಮೋಟಾರು ಕೊಡುವ ನೆರವಿನ ಮಟ್ಟ: ಇಕೋದಲ್ಲಿ ಅತಿ ಕಡಿಮೆ, ಟ್ರೇಲ್‌ನಲ್ಲಿ ನಡುಮಟ್ಟ, ಬೂಸ್ಟ್‌ನಲ್ಲಿ ಅತಿ ಹೆಚ್ಚು.

ಬೂಸ್ಟ್ ಮೋಡಿನ ಮೇಲೆ ಮೊದಲು ನನಗೆ ಬಹಳ ಭರವಸೆ ಇತ್ತು. ಒಣ ನೆಲದಲ್ಲಿ ಅದು ಆ ಭರವಸೆಯನ್ನು ಉಳಿಸಿಕೊಂಡಿತು ಕೂಡ. ಆದರೆ ಒದ್ದೆ ಮುರಕಲ್ಲಿನ ಮೇಲೆ ನಿಂತಲ್ಲಿಂದ ಹೊರಡುವಾಗ ಪೆಡಲಿನ ಮೇಲೆ ಸ್ವಲ್ಪ ಭಾರ ಬಿದ್ದದ್ದೇ ತಡ, ಮೋಟಾರು ತನ್ನ ಬಲವನ್ನೆಲ್ಲ ಒಮ್ಮೆಗೇ ಹಿಂದಿನ ಚಕ್ರಕ್ಕೆ ಕೊಟ್ಟುಬಿಡುತ್ತದೆ. ಟಯರು ಹಿಡಿತ ಕಂಡುಕೊಳ್ಳುವ ಮೊದಲೇ ಚಕ್ರ ನಿಂತಲ್ಲಿಯೇ ಸುತ್ತುತ್ತದೆ. ಹಿಡಿತಕ್ಕಾಗಿ ಹಿಂದಕ್ಕೆ ಸರಿದು ಕುಳಿತರೆ ಮುಂದಿನ ಚಕ್ರ ನೆಲ ಬಿಡುತ್ತದೆ, ಮುಂದಕ್ಕೆ ಬಾಗಿದರೆ ಹಿಂದಿನದು ಜಾರುತ್ತದೆ. ಎರಡು ಬಾರಿ ಮೊಣಕಾಲು ಕೆತ್ತಿಸಿಕೊಂಡ ಮೇಲೆ, ಇಲ್ಲಿ ಕೊರತೆ ಇರುವುದು ಮೋಟಾರಿನ ಬಲಕ್ಕಲ್ಲ, ನೆಲದ ಹಿಡಿತಕ್ಕೆ ಎಂಬುದು ನನಗೆ ಅರ್ಥವಾಯಿತು.

ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಟ್ರೇಲ್ ಮೋಡ್ ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ನಾವು ತುಳಿಯುವ ಒತ್ತಡವನ್ನು ಅಳೆದು ಅದಕ್ಕೆ ತಕ್ಕಂತೆ ಅದು ನೆರವನ್ನು ಏರಿಳಿಸುತ್ತದೆ. ಆದರೂ ಕಡಿದಾದ ಜಾಗದಲ್ಲಿ ಗಾಬರಿಯಾಗಿ ಜೋರಾಗಿ ತುಳಿದರೆ, ಆ ಗಾಬರಿಯನ್ನೂ ಅದು ಅಪ್ಪಣೆಯೆಂದೇ ತಿಳಿಯುತ್ತದೆ. ಹಾಗಾಗಿ ಫೋನಿನಲ್ಲಿ ಶಿಮಾನೊದ ಇ-ಟ್ಯೂಬ್ ಆ್ಯಪ್ ತೆರೆದು ತಿದ್ದಲು ಹೊರಟೆ. ಅಲ್ಲಿ ಬದಲಾಯಿಸಬಹುದಾದ ಸಂಗತಿಗಳು ಮೂರು: ನೆರವಿನ ಸ್ವಭಾವ, ಗರಿಷ್ಠ ಟಾರ್ಕ್, ಮತ್ತು ತುಳಿಯಲು ಆರಂಭಿಸಿದಾಗ ಮೋಟಾರು ಎಷ್ಟು ಚುರುಕಾಗಿ ಎಚ್ಚರಗೊಳ್ಳಬೇಕು ಎಂಬುದು. ನಾನು ಮೊದಲು ಕೈಹಾಕಿದ್ದು ಟಾರ್ಕಿಗೆ. ಅತಿಯಾಸೆಯಿಂದ ಅದನ್ನು 35ಕ್ಕೆ ಇಳಿಸಿದಾಗ ಚಕ್ರ ಜಾರಲಿಲ್ಲ, ನಿಜ. ಆದರೆ ಏರಿನ ನಡುವೆ ಬೈಕೇ ನಿಂತುಹೋಯಿತು, ಇಪ್ಪತ್ತಕ್ಕೂ ಹೆಚ್ಚು ಕಿಲೋ ತೂಗುವ ಅದನ್ನು ನೂಕಿಕೊಂಡು ಹೋಗಬೇಕಾಯಿತು. ಹಂತ ಹಂತವಾಗಿ ಏರಿಸಿ 55ಕ್ಕೆ ತಂದಾಗ ಸರಿಹೋಯಿತು. ಆದರೆ ನಿಜವಾದ ವ್ಯತ್ಯಾಸ ಕಂಡದ್ದು ಮೂರನೆಯ ಸೆಟ್ಟಿಂಗನ್ನು ಅತ್ಯಂತ ಮೃದುವಾಗಿ ಇಟ್ಟಾಗ. ಅರ್ಧ ಸುತ್ತು ತುಳಿಯುವಷ್ಟರಲ್ಲಿ ಬಲ ನಿಧಾನವಾಗಿ ಬಂದು ಸೇರುವುದರಿಂದ, ಒದ್ದೆ ಕಲ್ಲಿನ ಮೇಲೆ ನಿಲ್ಲಿಸಿ ಮತ್ತೆ ಹೊರಡುವುದು ಸಾಧ್ಯವಾಯಿತು. ನೆರವಿನ ಸ್ವಭಾವವನ್ನು ನಡುಮಟ್ಟದಲ್ಲಿಯೇ ಬಿಟ್ಟಿದ್ದೇನೆ. ಅದರಿಂದ ಈ ಏರಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಮಂಗಳೂರಿನ ಸ್ನೇಹಿತರೊಬ್ಬರು ಬಾಷ್ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟಾರಿರುವ ತಮ್ಮ ಬೈಕನ್ನು ಒಂದು ಭಾನುವಾರ ತಂದಿದ್ದರು. ಅದರ ಇ-ಎಂಟಿಬಿ ಮೋಡ್ ತುಳಿಯುವ ಒತ್ತಡಕ್ಕೆ ತಕ್ಕಂತೆ ನೆರವನ್ನು ಶೇ. 140ರಿಂದ 340ರವರೆಗೆ ತಾನಾಗಿಯೇ ಬದಲಿಸುತ್ತದೆ. ಏನನ್ನೂ ತಿದ್ದದೆ ಅಷ್ಟು ಹದವಾಗಿ ನಡೆದ ಬೈಕನ್ನು ನಾನು ಬೇರೆ ಕಂಡಿಲ್ಲ. ಆದರೆ ತುಳಿಯುವುದನ್ನು ನಿಲ್ಲಿಸಿದ ಮೇಲೂ ಮೋಟಾರು ಕ್ಷಣಕಾಲ ಮುಂದಕ್ಕೆ ನೂಕುವ ಗುಣ ಅದಕ್ಕಿದೆ. ಕಲ್ಲಿನ ಮೆಟ್ಟಿಲು ಹತ್ತಲು ಅದು ವರ, ಪಾಚಿಯ ಮೇಲಿನ ಇಕ್ಕಟ್ಟಾದ ತಿರುವಿನಲ್ಲಿ ಮಾತ್ರ ನನಗೆ ಎದೆ ಝಲ್ಲೆಂದಿತು. ಅವರಿಗೆ ಅದೇ ಇಷ್ಟ, ಆ ಬಗ್ಗೆ ನಮ್ಮ ವಾದ ಇನ್ನೂ ಮುಗಿದಿಲ್ಲ.

ಡಾಂಬರು ರಸ್ತೆಯ ಲೆಕ್ಕವೇ ಬೇರೆ. ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವುಗಳನ್ನು ದಾಟಿ, ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವ ಆಗುಂಬೆಯನ್ನು ತಲುಪುವ ಘಾಟಿಯಲ್ಲಿ ಹಿಡಿತದ ಚಿಂತೆಯಿಲ್ಲ, ಬ್ಯಾಟರಿಯದೇ ಚಿಂತೆ. ಅಲ್ಲಿ ಬೂಸ್ಟ್ ಹಾಕಿ ಹತ್ತಿದ ದಿನ ಚಾರ್ಜಿನ ಕಾಲುಭಾಗ ಕರಗಿತ್ತು. ಇಕೋದಲ್ಲಿ ಹತ್ತಿದಾಗ ಶೇ. 15ರಷ್ಟು ಸಾಕಾಯಿತು, ಬೆವರು ಮಾತ್ರ ಧಾರಾಳವಾಗಿ ಹರಿಯಿತು. ಯಾವ ಮೋಡಿನಲ್ಲಿಯೇ ಆಗಲಿ, ಭಾರವಾದ ಗೇರಿನಲ್ಲಿ ಹೆಣಗುವುದಕ್ಕಿಂತ ಹಗುರವಾದ ಗೇರಿಗೆ ಇಳಿಸಿ ಪೆಡಲನ್ನು ಚುರುಕಾಗಿ ತುಳಿದರೆ ಮೋಟಾರು ಹೆಚ್ಚು ಸಲೀಸಾಗಿ ಕೆಲಸ ಮಾಡುತ್ತದೆ. (ಘಾಟಿಯ ಇಕ್ಕೆಲದ ಕಾಡು ವನ್ಯಜೀವಿಧಾಮ, ಬೈಕು ಎಷ್ಟೇ ಸಮರ್ಥವಾಗಿದ್ದರೂ ರಸ್ತೆ ಬಿಟ್ಟು ಒಳಗೆ ನುಗ್ಗುವುದು ಸಲ್ಲ.)

ಮಲ್ಪೆ, ಕಾಪು ಕಡೆಯ ಸಮತಟ್ಟಾದ ದಾರಿಯಲ್ಲಿ ಈ ಹೋಲಿಕೆಗೆ ಹೆಚ್ಚು ಅರ್ಥವಿಲ್ಲ. ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದೊಡನೆ ಮೋಟಾರು ನೆರವು ನಿಲ್ಲಿಸುವುದರಿಂದ ಅಲ್ಲಿ ಇಕೋ ಸಾಕು.

ಇಪಿ8ರಲ್ಲಿ ಎರಡು ಪ್ರೊಫೈಲುಗಳನ್ನು, ಅಂದರೆ ಸೆಟ್ಟಿಂಗುಗಳ ಎರಡು ಕಟ್ಟುಗಳನ್ನು, ಉಳಿಸಿಡಬಹುದು. ಮೊದಲನೆಯದರಲ್ಲಿ 55ರ ಟಾರ್ಕ್ ಮತ್ತು ಮೃದು ಆರಂಭದ ಟ್ರೇಲ್ ಇದೆ, ಎರಡನೆಯದರಲ್ಲಿ ಘಾಟಿಗೆಂದು ಕಾರ್ಖಾನೆಯ ಸೆಟ್ಟಿಂಗುಗಳನ್ನೇ ಉಳಿಸಿಕೊಂಡಿದ್ದೇನೆ. ಮಳೆಗಾಲ ಮುಗಿದು ಗುಡ್ಡೆಯ ಪಾಚಿ ಒಣಗುವವರೆಗೆ ಎರಡನೆಯದನ್ನು ಮುಟ್ಟುವುದಿಲ್ಲ.