ಹಳೆ ಕಾರಿಗೆ ಪವರ್ ಸ್ಟೀರಿಂಗ್: ಹೈಡ್ರಾಲಿಕ್ಕಾ, ಎಲೆಕ್ಟ್ರಿಕ್ಕಾ?

ಹುಬ್ಬಳ್ಳಿಯ ದುರ್ಗದಬೈಲಿನ ಗದ್ದಲದಲ್ಲಿ ಹಳೆ ಕಾರು ತಿರುಗಿಸಿ ನಿಲ್ಲಿಸುವುದೆಂದರೆ ತೋಳು ಸೋತು ಹೋಗುತ್ತದೆ, ಅಲ್ವಾ? ಮೊದಲು ಟೈರಿನ ಗಾಳಿ, ಅಲೈನ್‌ಮೆಂಟ್ ನೋಡಿಸಿ. ಎಷ್ಟೋ ಸಲ ಅಷ್ಟರಲ್ಲೇ ಸ್ಟೀರಿಂಗ್ ಹಗುರಾಗುತ್ತದೆ. ಆಗದಿದ್ದರೆ, ನಿಮ್ಮ ಕೈಬಲಕ್ಕೆ ಬಲ ಸೇರಿಸುವ ಪವರ್ ಸ್ಟೀರಿಂಗ್ ಹಾಕಿಸಬಹುದು; ಅದು ಎರಡು ಬಗೆ.

ಹೈಡ್ರಾಲಿಕ್‌ನಲ್ಲಿ ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಗೆ ಒತ್ತಡ ಕೊಡುತ್ತದೆ, ಆ ಒತ್ತಡವೇ ಚಕ್ರ ತಿರುಗಿಸಲು ನೆರವಾಗುತ್ತದೆ. ರಸ್ತೆ ಹೇಗಿದೆ ಎಂದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ, ಭಾರದ ಗಾಡಿಗೂ ಸಾಲುತ್ತದೆ. ಆದರೆ ಪಂಪು, ಪೈಪು, ಎಣ್ಣೆ ಡಬ್ಬಿ, ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳು ಅಂದರೆ ರ‍್ಯಾಕ್ ಎಲ್ಲ ಹೊಸದಾಗಿ ಕೂರಿಸಬೇಕು. ನೇರ ಹೋಗುವಾಗಲೂ ಪಂಪು ತಿರುಗುತ್ತಲೇ ಇರುವುದರಿಂದ ಇಂಧನ ಸ್ವಲ್ಪ ಜಾಸ್ತಿ ಬೇಕು. ಚಿಕ್ಕ ಕಾರಿಗೆ ಇಷ್ಟು ರಾಮಾಯಣ ಬೇಡ.

ಎಲೆಕ್ಟ್ರಿಕ್‌ನಲ್ಲಿ ಎಣ್ಣೆಯೇ ಇಲ್ಲ. ನೀವು ಎಷ್ಟು ಬಲ ಹಾಕುತ್ತೀರೆಂದು ಸೆನ್ಸರ್ ಅಳೆಯುತ್ತದೆ, ಸ್ಟೀರಿಂಗ್ ಕಂಬದ (ಕಾಲಮ್ಮಿನ) ಮೋಟಾರು ಉಳಿದ ಬಲ ಸೇರಿಸುತ್ತದೆ. 1988ರಲ್ಲಿ ಸುಜುಕಿ ಸರ್ವೋ ಕಾರಿನಲ್ಲಿ ಮೊದಲು ಬಂದದ್ದು ಇದೇ. ಹಳೆ ಆಲ್ಟೋ ಎಲ್‌ಎಕ್ಸ್ ಇದ್ದವರಿಗೆ ಒಂದು ಅನುಕೂಲ: ಅದೇ ಕಾರಿನ ಇನ್ನೊಂದು ಮಾದರಿ ಎಲ್‌ಎಕ್ಸ್‌ಐಗೆ ಕಂಪನಿಯಿಂದಲೇ ಪವರ್ ಸ್ಟೀರಿಂಗ್ ಬರುತ್ತಿತ್ತು. ಹಾಗಾಗಿ ಆ ಸಾಮಾನನ್ನೇ ಹುಡುಕಿ, ಬೇರೆ ಮಾಡೆಲ್ಲಿನ ಸಾಮಾನು ಕತ್ತರಿಸಿ ವೆಲ್ಡ್ ಮಾಡಿಸುವ ಗೋಜಿಗೆ ಹೋಗಬೇಡಿ. ಸ್ಟೀರಿಂಗ್ ಶಾಫ್ಟಿಗೆ ವೆಲ್ಡಿಂಗ್ ಅಂದರೆ ನಾನಂತೂ ಗಾಡಿ ವಾಪಸ್ ತರುತ್ತೇನೆ.

ಮೋಟಾರು ಕರೆಂಟ್ ಜಾಸ್ತಿ ಎಳೆಯುತ್ತದೆ. ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಗಟ್ಟಿ ಇರಲಿ. ದಪ್ಪ ವೈರು, ಬೇರೆ ಫ್ಯೂಸು ಹಾಕಿಸಿ. ಗಾಡಿ ಎಷ್ಟು ವೇಗದಲ್ಲಿದೆ ಎಂದು ಪವರ್ ಸ್ಟೀರಿಂಗ್‌ಗೆ ತಿಳಿಸುವ ಸಿಗ್ನಲ್ ಜೋಡಿಸುವುದನ್ನೂ ಬಿಡಬೇಡಿ. ಅದಿಲ್ಲದಿದ್ದರೆ ಧಾರವಾಡ ಬೈಪಾಸಿನ ವೇಗದಲ್ಲೂ ಸ್ಟೀರಿಂಗ್ ತೀರಾ ಹಗುರಾಗಿ ಉಳಿಯಬಹುದು.

ಚಿಕ್ಕ ಕಾರಿಗೆ ಎಲೆಕ್ಟ್ರಿಕ್, ಜೀಪಿನಂಥದಕ್ಕೆ ಹೈಡ್ರಾಲಿಕ್. ಯಾವುದೇ ಹಾಕಿಸಿದರೂ ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ, ಬಿಲ್ಲು ಇಟ್ಟುಕೊಳ್ಳಿ.