ಎರಡು ಪೆಗ್ಗಿನ ಲೆಕ್ಕ: ಕುಡಿತ ತಗ್ಗಿಸಲು ನಾನು ಬಳಸಿ ನೋಡಿದ ಮೂರು ಆನ್‌ಲೈನ್ ಕಾರ್ಯಕ್ರಮಗಳು

ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಬಂದು ನೆಲೆಸಿದ ಮೇಲೆ ನನ್ನ ಕುಡಿತ ಹೆಚ್ಚಾಗಿದೆಯೆಂದು ಮೊದಲು ಹೇಳಿದವಳು ನನ್ನ ಹೆಂಡತಿ. ನಾನು ಅದನ್ನು ಒಪ್ಪಿಕೊಂಡದ್ದು ಒಂದು ವರ್ಷ ಕಳೆದ ಮೇಲೆ. ಸಂಜೆ ಎರಡೇ ಪೆಗ್, ಅದೂ ವಾರಕ್ಕೆ ಐದೇ ದಿನ ಎಂಬುದು ಆವರೆಗಿನ ನನ್ನ ಸಮಜಾಯಿಷಿಯಾಗಿತ್ತು. ವೈದ್ಯರ ಮುಂದೆ ಕುಳಿತು ಇದನ್ನೆಲ್ಲ ಹೇಳಿಕೊಳ್ಳುವ ಧೈರ್ಯ ಇರಲಿಲ್ಲವಾದ್ದರಿಂದ ಆನ್‌ಲೈನ್‌ನಲ್ಲಿ ಸಿಗುವ ಸ್ವಸಹಾಯ ಕಾರ್ಯಕ್ರಮಗಳ ಮೊರೆ ಹೋದೆ, ಮತ್ತು ಮೂರನ್ನು ಒಂದಾದ ಮೇಲೊಂದರಂತೆ ಕೆಲವು ತಿಂಗಳು ಬಳಸಿದೆ.

ಮೊದಲನೆಯದು ಡ್ರಿಂಕ್‌ಅವೇರ್ ಸಂಸ್ಥೆಯ ಆ್ಯಪ್. ಕುಡಿದದ್ದನ್ನು ದಿನದಿನವೂ ಬರೆದಿಟ್ಟರೆ ಯೂನಿಟ್ ಮತ್ತು ಕ್ಯಾಲೊರಿಗಳ ಲೆಕ್ಕವನ್ನು ಅದೇ ಕೂಡಿಸುತ್ತದೆ. ಬ್ರಿಟನ್ನಿನ ಒಂದು ಯೂನಿಟ್ ಎಂದರೆ 10 ಮಿ.ಲೀ., ಅಂದರೆ 8 ಗ್ರಾಂ ಶುದ್ಧ ಆಲ್ಕೊಹಾಲ್. 2016ರಿಂದ ಇಲ್ಲಿ ಗಂಡಸರಿಗೂ ಹೆಂಗಸರಿಗೂ ವಾರಕ್ಕೆ 14 ಯೂನಿಟ್‌ಗಿಂತ ಹೆಚ್ಚು ಬೇಡವೆಂಬ ಸಲಹೆ ಜಾರಿಯಲ್ಲಿದೆ. ಪಬ್ಬಿನಲ್ಲಿ ಸಾಮಾನ್ಯವಾಗಿ ಅಳೆದುಕೊಡುವ 25 ಮಿ.ಲೀ. ವಿಸ್ಕಿ, ಶೇ. 40ರ ಕಡುಪಿನದಾದರೆ, ಸರಿಯಾಗಿ ಒಂದು ಯೂನಿಟ್ ಆಗುತ್ತದೆ. ಆದ್ದರಿಂದ ನನ್ನ ವಾರದ ಲೆಕ್ಕವನ್ನು ಹತ್ತು ಯೂನಿಟ್ ಎಂದು ಬರೆದು, ಮಿತಿಯೊಳಗೇ ಇದ್ದೇನೆಂದು ನಿಶ್ಚಿಂತನಾಗಿದ್ದೆ. ಒಂದು ದಿನ ಸುಮ್ಮನೆ ಅನುಮಾನ ಬಂದು, ನಾನು ಎಂದಿನಂತೆ ಬಗ್ಗಿಸಿಕೊಳ್ಳುವಷ್ಟೇ ನೀರನ್ನು ಅದೇ ಲೋಟಕ್ಕೆ ಹಾಕಿ, ಚಪಾತಿ ಹಿಟ್ಟು ತೂಗುವ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿದೆ: 70 ಗ್ರಾಂ! ನನ್ನ ಒಂದು ಪೆಗ್ 2.8 ಯೂನಿಟ್ ಆಗಿತ್ತು, ವಾರದ ಮೊತ್ತ ಹತ್ತಲ್ಲ, 28. ತಪ್ಪು ಆ್ಯಪಿನದಲ್ಲ; ನಾನು ಕೊಟ್ಟ ಅಂಕಿಯನ್ನೇ ಅದು ನಂಬಿತ್ತು.

ಇದೇ ಆ್ಯಪಿನಲ್ಲಿ ಆಗ ಇದ್ದ ಇನ್ನೊಂದು ಸೌಲಭ್ಯವೆಂದರೆ, ನಾವು ದುರ್ಬಲರಾಗುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿಟ್ಟರೆ, ಅವುಗಳ ಹತ್ತಿರ ಹೋದಾಗ ಫೋನು ಎಚ್ಚರಿಸುತ್ತಿತ್ತು. ಕೆಲಸ ಮುಗಿಸಿ ನೇರವಾಗಿ ಪಬ್ಬಿಗೆ ಹೋಗುವವರಿಗೆ ಇದು ನಿಜವಾಗಿ ಉಪಯುಕ್ತ. ನನ್ನ ದುರ್ಬಲ ಜಾಗವಾದರೋ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕದ ಕಪಾಟು. ಮನೆಯನ್ನೇ ಗುರುತು ಮಾಡಿಟ್ಟಿದ್ದರೆ ಫೋನು ಇಡೀ ಸಂಜೆ ಗುಂಯ್‌ಗುಡುತ್ತಿತ್ತು. ಡ್ರಿಂಕ್‌ಅವೇರ್‌ಗೆ ಹಣ ಬರುವುದು ಬಹುಪಾಲು ಮದ್ಯ ತಯಾರಕರು ಮತ್ತು ಮಾರಾಟಗಾರರ ದೇಣಿಗೆಯಿಂದ ಎಂಬುದು ಬಹಿರಂಗವಾದ ಸಂಗತಿ. ಆ್ಯಪಿನ ಲೆಕ್ಕದಲ್ಲಿ ಅದರಿಂದ ಏನೂ ವ್ಯತ್ಯಾಸವಾದದ್ದು ನನಗೆ ಕಾಣಲಿಲ್ಲ, ಆದರೂ ತಿಳಿದಿರುವುದು ಒಳ್ಳೆಯದು.

ಎರಡನೆಯದಾದ ಡ್ರಿಂಕ್ ಲೆಸ್ ಅನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ರೂಪಿಸಿದ್ದಾರೆ. ಇದರಲ್ಲೂ ದಿನಚರಿಯಿದೆ, ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮದೇ ವಯಸ್ಸಿನ, ನಮ್ಮದೇ ಲಿಂಗದ ಬ್ರಿಟನ್ ನಿವಾಸಿಗಳು ಎಷ್ಟು ಕುಡಿಯುತ್ತಾರೆಂಬುದರ ಪಕ್ಕದಲ್ಲಿ ನಮ್ಮ ಅಂಕಿಯನ್ನು ಇಟ್ಟು ತೋರಿಸುತ್ತದೆ; ನಮ್ಮ ಬಳಗದಲ್ಲಿ ನಾನೇ ಮಿತಭಾಷಿ, ಮಿತಪಾನಿ ಎಂದುಕೊಂಡಿದ್ದವನಿಗೆ ಆ ಚಿತ್ರ ಸಹ್ಯವಾಗಿರಲಿಲ್ಲ. ನನಗೆ ಅದಕ್ಕಿಂತ ಮಿಗಿಲಾಗಿ ಕೆಲಸಕ್ಕೆ ಬಂದದ್ದು 'ಹೀಗಾದರೆ ಹೀಗೆ ಮಾಡುತ್ತೇನೆ' ಎಂದು ಮುಂಚಿತವಾಗಿ ಬರೆದಿಡುವ ಯೋಜನೆಯ ಭಾಗ. ಇಲ್ಲಿನ ಕನ್ನಡ ಕುಟುಂಬಗಳು ಶನಿವಾರ ಯಾರಾದರೊಬ್ಬರ ಮನೆಯಲ್ಲಿ ಸೇರುವುದು ವಾಡಿಕೆ, ಮತ್ತು 'ಒಂದು ಸ್ಮಾಲ್ ಅಷ್ಟೇ, ತಗೊಳ್ರೀ' ಎಂಬ ಆತಿಥ್ಯಕ್ಕೆ ಬೇಡವೆನ್ನುವುದು ಊಟಕ್ಕೆ ಕುಳಿತು ಎಲೆ ಮಡಚಿ ಎದ್ದಂತೆ ಎಂಬ ಭಾವನೆ ನಮ್ಮಲ್ಲಿದೆ. ಆದ್ದರಿಂದ, ಆತಿಥೇಯರು ಎರಡನೆಯ ಸಲ ಬಾಟಲಿ ಹಿಡಿದು ಬಂದರೆ ಲೋಟದ ಮೇಲೆ ಅಂಗೈಯಿಟ್ಟು 'ಇವತ್ತು ಕಾರು ನಾನೇ ಓಡಿಸಬೇಕು, ಒಂದು ಲೋಟ ಮಜ್ಜಿಗೆ ಕೊಡಿ' ಎನ್ನುತ್ತೇನೆ ಎಂದು ಬರೆದಿಟ್ಟೆ. ಮೊದಲ ಶನಿವಾರ ಬರೆದದ್ದನ್ನು ಮರೆತೆ. ಎರಡನೆಯ ಶನಿವಾರ ಮಜ್ಜಿಗೆ ಬಂತು, ಯಾರೂ ಅದನ್ನು ವಿಶೇಷವೆಂದು ಗಮನಿಸಲೂ ಇಲ್ಲ.

ಮೂರನೆಯದು ಸ್ಮಾರ್ಟ್ ರಿಕವರಿ ಎಂಬ ಸ್ವಸಹಾಯ ಸಂಸ್ಥೆಯ ಆನ್‌ಲೈನ್ ಸಭೆಗಳು. ಇದರ ಒಲವು ಮಿತಿಗಿಂತ ಸಂಪೂರ್ಣ ಬಿಡುವುದರ ಕಡೆಗಿದೆ; ಪ್ರಾರ್ಥನೆ, ಶರಣಾಗತಿಗಳ ಬದಲು ಯೋಚನೆಯ ಜಾಡನ್ನು ತಿದ್ದುವ ಮನಶ್ಶಾಸ್ತ್ರೀಯ ವಿಧಾನಗಳನ್ನು ಆಧರಿಸಿದೆ. ಅವರ ಸಾಧನಗಳಲ್ಲೊಂದು ನಾಲ್ಕು ಚೌಕದ ಕಾಗದ: ಕುಡಿಯುವುದರ ಲಾಭ ಮತ್ತು ನಷ್ಟ, ಕುಡಿಯದಿರುವುದರ ಲಾಭ ಮತ್ತು ನಷ್ಟ. ಕ್ಯಾಮೆರಾ ಮುಚ್ಚಿಕೊಂಡು ಕುಳಿತು ನಾನು ಇಂಗ್ಲಿಷಿನಲ್ಲಿ ತುಂಬಿದ ಚೌಕಗಳು ಯಾವುದೋ ಕಚೇರಿಯ ವರದಿಯಂತಿದ್ದವು. ರಾತ್ರಿ ಅದನ್ನೇ ಕನ್ನಡದಲ್ಲಿ ಬರೆಯಲು ಕುಳಿತಾಗ, 'ಕುಡಿಯದಿದ್ದರೆ ಆಗುವ ನಷ್ಟ' ಎಂಬ ಚೌಕದಲ್ಲಿ 'ಅಮ್ಮನಿಗೆ ಫೋನು ಮಾಡಬೇಕಾಗುತ್ತದೆ' ಎಂಬ ವಾಕ್ಯ ತಾನಾಗಿ ಬಂದು ಕುಳಿತಿತು. ಯಾವ ಆ್ಯಪೂ ನನ್ನಿಂದ ಇದನ್ನು ಹೊರಡಿಸಿರಲಿಲ್ಲ. ಆದರೂ ಪೂರ್ತಿ ಬಿಡುವ ಗುರಿ ನನ್ನದಾಗಿರಲಿಲ್ಲವಾದ್ದರಿಂದ ಐದಾರು ಸಭೆಗಳ ನಂತರ ಹೋಗುವುದನ್ನು ನಿಲ್ಲಿಸಿದೆ. ಬಿಡಲೇಬೇಕೆಂದು ನಿರ್ಧರಿಸಿದವರಿಗೆ, ಮತ್ತು ಒಂಟಿಯಾಗಿರುವವರಿಗೆ, ಮೂರರಲ್ಲಿ ನಾನು ಹೇಳುವುದು ಇದನ್ನೇ.

ಸಂಶೋಧನೆಗಳೂ ಈ ವಿಷಯದಲ್ಲಿ ವಿನಯ ಕಲಿಸುತ್ತವೆ. ಡೌನ್ ಯುವರ್ ಡ್ರಿಂಕ್ ಎಂಬ ಬ್ರಿಟಿಷ್ ಜಾಲತಾಣವನ್ನು 7,935 ಜನರ ಮೇಲೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದನ್ನು ಬಳಸಿದವರೂ ಕೇವಲ ಮಾಹಿತಿಯ ಪುಟಗಳನ್ನು ಓದಿದವರೂ ಮೂರು ತಿಂಗಳಲ್ಲಿ ವಾರಕ್ಕೆ ಸುಮಾರು 20 ಯೂನಿಟ್ ಸಮಾನವಾಗಿ ತಗ್ಗಿಸಿದ್ದರು. ನನಗೆ ಅನ್ನಿಸುವಂತೆ, ಎಷ್ಟು ಕುಡಿಯುತ್ತಿದ್ದೇನೆಂದು ಯಾರೋ ಕೇಳಿದಾಗ ಕುಳಿತು ಲೆಕ್ಕ ಹಾಕಿದ್ದರ ಪಾಲೂ ಅದರಲ್ಲಿದೆ; ನನ್ನ ತಕ್ಕಡಿ ಮಾಡಿದ್ದೂ ಅದನ್ನೇ.

ಯಾವುದನ್ನೇ ಆರಿಸಿಕೊಳ್ಳುವ ಮುನ್ನ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳಿಗೆ ಉತ್ತರಿಸಬೇಕು. ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಹಾದಿಯಲ್ಲಿದೆ ಎಂದರ್ಥ. ನನಗೆ 14 ಬಂದಿತ್ತು. 20 ಅಥವಾ ಹೆಚ್ಚು ಬಂದವರು, ಬೆಳಿಗ್ಗೆ ಕೈ ನಡುಕ ನಿಲ್ಲಿಸಲು ಗುಟುಕು ಬೇಕಾಗುವವರು ಯಾವ ಆ್ಯಪನ್ನೂ ನಂಬಿ ಥಟ್ಟನೆ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಆಮೇಲೆ ಸನ್ನಿಯೂ ಹಿಡಿಯಬಹುದು. ಅವರಿಗೆ ವೈದ್ಯರೇ ಬೇಕು. ಕರ್ನಾಟಕದಲ್ಲಿರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ, ಮತ್ತು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ರಜೆಗೆ ಊರಿಗೆ ಹೋದಾಗ ಈ ಆ್ಯಪುಗಳನ್ನು ಬಳಸುವವರು ಅಳತೆಯನ್ನು ಕೈಯಿಂದಲೇ ತುಂಬಬೇಕು. ನಮ್ಮಲ್ಲಿ ವಿಸ್ಕಿಯ ಕಡುಪು ಸಾಮಾನ್ಯವಾಗಿ ಶೇ. 42.8, ಹಾಗಾಗಿ 60 ಮಿ.ಲೀ. ಪೆಗ್ ಸುಮಾರು 2.6 ಯೂನಿಟ್, ಒಂದು ನೈಂಟಿ ಸುಮಾರು 3.9, 180 ಮಿ.ಲೀ.ನ ಕ್ವಾರ್ಟರ್ 7.7. ಕಳೆದ ಸಲ ಹಾಸನದಲ್ಲಿ ಭಾವನ ಮುಂದೆ ಈ ಲೆಕ್ಕವನ್ನು ಹಾಕಿ ತೋರಿಸಿದಾಗ, ವಾರದ 14 ಯೂನಿಟ್ ಎರಡು ಕ್ವಾರ್ಟರ್‌ಗೂ ಸಾಲುವುದಿಲ್ಲವೆಂದು ತಿಳಿದು ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಫೋನನ್ನು ತೆಗೆದುಕೊಂಡು ಮತ್ತೊಮ್ಮೆ ಕೂಡಿಸಿ ನೋಡಿದರು. ನಾನು ಈಗ ಡ್ರಿಂಕ್ ಲೆಸ್ ಒಂದನ್ನೇ ಉಳಿಸಿಕೊಂಡಿದ್ದೇನೆ, ಕಪಾಟಿನಲ್ಲಿ ಬಾಟಲಿಯ ಪಕ್ಕ 25 ಮಿ.ಲೀ.ನ ಸ್ಟೀಲ್ ಅಳತೆಯನ್ನೂ ಇಟ್ಟಿದ್ದೇನೆ, ಮತ್ತು ಹೆಚ್ಚಿನ ವಾರಗಳಲ್ಲಿ ಹನ್ನೊಂದು ಹನ್ನೆರಡು ಯೂನಿಟ್‌ಗಳ ಆಸುಪಾಸಿನಲ್ಲಿದ್ದೇನೆ.